ಸ್ಪ್ಲಿಟ್ ಕೀಬೋರ್ಡ್: ಕೀ ಎಣಿಸುವ ಮೊದಲು ಮಣಿಕಟ್ಟು ನೋಡಿ

ಪ್ರಶ್ನೆ: ದಿನಕ್ಕೆ ಏಳೆಂಟು ಗಂಟೆ ಟೈಪ್ ಮಾಡುವ ಕೆಲಸ ನನ್ನದು. ಸಂಜೆ ಹೊತ್ತಿಗೆ ಎರಡೂ ಮಣಿಕಟ್ಟುಗಳ ಕಿರುಬೆರಳ ಕಡೆ ನೋವು ಶುರುವಾಗುತ್ತದೆ, ಭುಜವೂ ಬಿಗಿಯುತ್ತದೆ. ಎರಡು ಭಾಗವಾಗಿ ಬರುವ ಸ್ಪ್ಲಿಟ್ ಕೀಬೋರ್ಡ್ ತೆಗೆದುಕೊಳ್ಳೋಣ ಅಂತಿದ್ದೇನೆ. 34 ಕೀಯಿಂದ 80 ಕೀವರೆಗೆ ಇವೆ, ಯಾವುದನ್ನು ಆರಿಸಲಿ? ಹಳೆಯ ವೇಗ ಮರಳಲು ಎಷ್ಟು ದಿನ ಬೇಕು? ಕನ್ನಡವನ್ನು ಇನ್‌ಸ್ಕ್ರಿಪ್ಟ್‌ನಲ್ಲಿ (ಭಾರತೀಯ ಭಾಷೆಗಳ ಕೀಲಿ ವಿನ್ಯಾಸ) ಟೈಪ್ ಮಾಡುತ್ತೇನೆ, ಅದಕ್ಕೇನಾದರೂ ತೊಂದರೆ ಆಗುತ್ತದೆಯೇ?

ಉತ್ತರ: ಎರಡು ಭಾಗಗಳು ಪೂರ್ತಿ ಬೇರೆಯಾಗುವ, 58ರಿಂದ 76 ಕೀ ಇರುವ, ಒಳಅಂಚನ್ನು ಎತ್ತಿ ನಿಲ್ಲಿಸಲು ಕಾಲು ಅಥವಾ ಸ್ಟ್ಯಾಂಡ್ ಇರುವ, ವೈರ್ ಇರುವ ಕೀಬೋರ್ಡ್ ತೆಗೆದುಕೊಳ್ಳಿ. ಸ್ವಿಚ್‌ಗಳನ್ನು (ಪ್ರತಿ ಕೀಯ ಕೆಳಗಿರುವ ಒತ್ತುಗುಂಡಿಗಳನ್ನು) ಬೆಸುಗೆ ಬಿಡಿಸದೆ ಬದಲಿಸುವಂತಿರಲಿ. 42 ಮತ್ತು 34 ಕೀಯವು ನೋಡಲು ಚಂದ, ಆದರೆ ನಿಮ್ಮ ನೋವಿಗೂ ಅವು ಉಳಿಸುವ ಕೀಗಳಿಗೂ ಸಂಬಂಧ ಕಡಿಮೆ. ಇನ್‌ಸ್ಕ್ರಿಪ್ಟ್ ಬಳಸುವವರಿಗಂತೂ ಅವು ಕಿರಿಕಿರಿಯೇ ಹೆಚ್ಚು.

ಕೀ ಎಷ್ಟಿರಬೇಕು ಅನ್ನುವುದನ್ನು ಕೊನೆಗೆ ಕೇಳಿಕೊಳ್ಳಿ. ಕೈ ಎಲ್ಲಿ ಸೊಟ್ಟಗಾಗುತ್ತಿದೆ ಅನ್ನುವುದನ್ನು ಮೊದಲು ನೋಡಿ. ಮಾಮೂಲಿ ಕೀಬೋರ್ಡಿನ ಮೇಲೆ ಕೈಯಿಟ್ಟು, ಬೆರಳು ಅಲ್ಲಾಡಿಸದೆ ಮೇಲಿನಿಂದ ಕಣ್ಣು ಹಾಯಿಸಿ. ಮುಂಗೈಗಳು ಓರೆಯಾಗಿ ಒಳಗೆ ಬಂದಿರುತ್ತವೆ, ಅಂಗೈಗಳು ಮಾತ್ರ ಮಣಿಕಟ್ಟಿನಲ್ಲಿ ಮುರಿದು ಕಿರುಬೆರಳ ಕಡೆಗೆ ವಾಲಿರುತ್ತವೆ. ನಿಮಗೆ ನೋಯುವುದೂ ಆ ಬದಿಯಲ್ಲೇ. ಎರಡನೆಯದು ಮುಂಗೈಯ ತಿರುಚು: ಅಂಗೈ ಪೂರ್ತಿ ನೆಲ ನೋಡುವಂತೆ ಮಲಗಿಸಿದಾಗ ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ಅಡ್ಡ ಬರುತ್ತವೆ. ಮೂರನೆಯದು ಮಣಿಕಟ್ಟು ಹಿಂದಕ್ಕೆ ಬಾಗುವುದು. ಕೀಬೋರ್ಡಿನ ಹಿಂಬದಿಯ ಆ ಎರಡು ಪುಟ್ಟ ಕಾಲುಗಳನ್ನು ಬಿಡಿಸಿಟ್ಟಿದ್ದರೆ ಇದು ಇನ್ನೂ ಹೆಚ್ಚು. ಅವನ್ನು ಇವತ್ತೇ ಮಡಚಿ.

ಮೊದಲನೆಯದಕ್ಕೆ ಮದ್ದು ಭಾಗಗಳ ನಡುವಿನ ಅಂತರ, ಎರಡನೆಯದಕ್ಕೆ ಟೆಂಟಿಂಗ್, ಅಂದರೆ ಹೆಬ್ಬೆರಳ ಕಡೆಯ ಅಂಚನ್ನು ಡೇರೆಯ ಹಾಗೆ ಎತ್ತುವುದು, ಮೂರನೆಯದಕ್ಕೆ ಚಪ್ಪಟೆ ಕೀಬೋರ್ಡ್ ಮತ್ತು ಸರಿಯಾದ ಮೇಜಿನ ಎತ್ತರ. ನೀವು ಹೇಳಿದ ಲಕ್ಷಣಕ್ಕೆ ಮುಖ್ಯವಾದದ್ದು ಅಂತರ. ಕೈಗಳು ಎದೆಯ ಮುಂದೆ ಕೂಡಿಕೊಳ್ಳದಿದ್ದರೆ ಭುಜದ ಬಿಗಿತವೂ ಸಾಮಾನ್ಯವಾಗಿ ಇಳಿಯುತ್ತದೆ.

ಇದನ್ನು ಏನೂ ಕೊಳ್ಳದೆ ಪರೀಕ್ಷಿಸಬಹುದು. ಎರಡು ಹಳೆಯ ಯುಎಸ್‌ಬಿ ಕೀಬೋರ್ಡ್‌ಗಳನ್ನು ಒಂದೇ ಕಂಪ್ಯೂಟರಿಗೆ ಚುಚ್ಚಿ. ಎಡಗೈಗೆ ಒಂದರ ಎಡಭಾಗ, ಬಲಗೈಗೆ ಇನ್ನೊಂದರ ಬಲಭಾಗ. ಎರಡನ್ನೂ ಭುಜದಗಲಕ್ಕೆ ಸರಿಸಿ, ಮುಂಗೈ ನೇರ ಬರುವ ಹಾಗೆ ಓರೆಯಾಗಿಡಿ. ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಒಂದರ ಶಿಫ್ಟ್ ಒತ್ತಿ ಇನ್ನೊಂದರ ಅಕ್ಷರ ಒತ್ತಿದರೂ ದೊಡ್ಡಕ್ಷರವೇ ಬರುತ್ತದೆ. ಮ್ಯಾಕ್‌ನಲ್ಲಿ ಹಾಗೆ ಬರುವುದಿಲ್ಲ, ಅದಕ್ಕೆ ಪ್ರತ್ಯೇಕ ತಂತ್ರಾಂಶ ಬೇಕು. ಮೇಜು ಅಸಹ್ಯವಾಗಿ ಕಾಣುತ್ತದೆ ನಿಜ. ಆದರೆ ವಾರವಿಡೀ ಹೀಗೆ ಟೈಪ್ ಮಾಡಿ ಸಂಜೆಯ ನೋವಿನಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ದೊಡ್ಡ ಖರೀದಿಗೆ ಕೈ ಹಾಕಬೇಡಿ. ಮೌಸು, ಕುರ್ಚಿಯ ಕೈ, ಮೇಜಿನ ಎತ್ತರ ಇವನ್ನು ಮೊದಲು ನೋಡಿ.

ಇಲ್ಲೇ ಒಂದು ಎಚ್ಚರಿಕೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುತ್ತಿದ್ದರೆ, ರಾತ್ರಿ ಅದರಿಂದ ಎಚ್ಚರವಾಗುತ್ತಿದ್ದರೆ, ಲೋಟ ಕೈಜಾರುತ್ತಿದ್ದರೆ ಅದು ಮಣಿಕಟ್ಟಿನ ಸುರಂಗದಲ್ಲಿ ನರ ಅದುಮಿಕೊಳ್ಳುತ್ತಿರುವ ಲಕ್ಷಣ ಇರಬಹುದು. ಕಿರುಬೆರಳು, ಉಂಗುರಬೆರಳಿನ ಜೋಮು ಮೊಣಕೈಯ ಕಡೆ ಬೆರಳು ತೋರಿಸುತ್ತದೆ. ಎರಡಕ್ಕೂ ವೈದ್ಯರನ್ನು ಕಾಣಬೇಕು. ಸ್ಪ್ಲಿಟ್ ಕೀಬೋರ್ಡ್ ಮಣಿಕಟ್ಟನ್ನು ನೇರವಾಗಿಡುತ್ತದೆ ಅನ್ನುವುದು ಅಳೆದು ನೋಡಿದ ಮಾತು. ಅದು ರೋಗ ವಾಸಿಮಾಡುತ್ತದೆ ಅನ್ನುವುದಕ್ಕೆ ಅಷ್ಟು ಗಟ್ಟಿ ಆಧಾರವಿಲ್ಲ.

ಈಗ ಬಗೆಗಳು. ಒಂದೇ ತುಂಡಿನಲ್ಲಿ ನಡುವೆ ಸೀಳಿ ಓರೆಯಾಗಿಸಿದವು ಹಳೆಯ ಜಾತಿ. ಮೈಕ್ರೋಸಾಫ್ಟ್‌ನ ನ್ಯಾಚುರಲ್ ಕೀಬೋರ್ಡ್ 1994ರದು, ಈಗಿನ ಲಾಜಿಟೆಕ್ ಎರ್ಗೋ ಕೆ860 ಅದೇ ವಂಶ. ಕಲಿಯುವ ಶ್ರಮವಿಲ್ಲ, ಆದರೆ ಕೋನವೂ ಅಂತರವೂ ಕಾರ್ಖಾನೆಯಲ್ಲೇ ನಿಗದಿ. ಭುಜ ಅಗಲವಿದ್ದವರಿಗೆ ಸಾಲದು. ಎರಡನೆಯದು ಕೈನೆಸಿಸ್ ಫ್ರೀಸ್ಟೈಲ್2ರಂಥವು: ಮಾಮೂಲಿ ಕೀಬೋರ್ಡನ್ನೇ ಗರಗಸ ಹಾಕಿ ಕುಯ್ದ ಹಾಗೆ, ಕೀಗಳ ಸಾಲು ಮೊದಲಿನಂತೆಯೇ. ಮೂರನೆಯದು ಕೀಗಳು ನೇರ ಕಂಬಸಾಲಿನಲ್ಲಿ ನಿಂತವು: 76 ಕೀಯ ಎರ್ಗೋಡಾಕ್ಸ್, 72ರ ಮೂನ್‌ಲ್ಯಾಂಡರ್, 58ರ ಲಿಲಿ58 ಮತ್ತು ಸೋಫ್ಲೆ, 42ರ ಕಾರ್ನ್, 34ರ ಫೆರಿಸ್ ಸ್ವೀಪ್. ನಾಲ್ಕನೆಯದು ಬೋಗುಣಿಯ ಹಾಗೆ ಒಳಗೆ ತಗ್ಗಿದವು: ಕೈನೆಸಿಸ್ ಅಡ್ವಾಂಟೇಜ್360, 80 ಕೀಯ ಗ್ಲೋವ್80. ಬೆರಳಿನ ಓಟ ಅತಿ ಕಡಿಮೆಯಾಗುವುದು ಇವುಗಳಲ್ಲಿ. ಕೈಯಳತೆಗೆ ಹೊಂದದಿದ್ದರೆ ಅತಿ ಹೆಚ್ಚು ಕಾಡುವುದೂ ಇವೇ.

ಮಾಮೂಲಿ ಕೀಬೋರ್ಡಿನ ಸಾಲುಗಳು ಒಂದಕ್ಕೊಂದು ಸರಿದು ನಿಂತಿರುವುದಕ್ಕೆ ಕಾರಣ ಹಳೆಯ ಟೈಪ್‌ರೈಟರ್. ಪ್ರತಿ ಕೀಯ ಕೆಳಗೊಂದು ಸನ್ನೆಗೋಲು ಹಾದುಹೋಗಬೇಕಿತ್ತು, ನೇರ ಕಂಬಸಾಲಿನಲ್ಲಿಟ್ಟರೆ ಜಾಗ ಸಿಗುತ್ತಿರಲಿಲ್ಲ. ಬೆರಳಿಗೂ ಆ ಓರೆಗೂ ಸಂಬಂಧವಿಲ್ಲ. ಕಂಬಸಾಲಿನಲ್ಲಿ ಬೆರಳು ನೇರ ಮೇಲಕ್ಕೆ, ನೇರ ಕೆಳಕ್ಕೆ ಹೋಗುತ್ತದೆ. ಹಿತವೇ, ಆದರೆ ಲಾಭ ಸಣ್ಣದು, ಕಲಿಕೆಯ ಬೆಲೆ ದೊಡ್ಡದು. ನೋವಿನ ಪರಿಹಾರವಷ್ಟೇ ಬೇಕು, ನಾಳೆಯೇ ಕೆಲಸ ನಡೆಯಬೇಕು ಅನ್ನುವವರಿಗೆ ಎರಡನೆಯ ಬಗೆಯೇ ಸಾಕು. ತಿಂಗಳೊಪ್ಪತ್ತು ತಾಳ್ಮೆಯಿದ್ದರೆ ಮಾತ್ರ ಕಂಬಸಾಲಿಗೆ ಹೋಗಿ.

ಕೊಳ್ಳುವ ಮೊದಲು ಇನ್ನೊಂದು ಕೆಲಸ. ಆಯ್ದ ಮಾದರಿಯ ನಕ್ಷೆಯನ್ನು ನೂರಕ್ಕೆ ನೂರು ಅಳತೆಯಲ್ಲಿ ಕಾಗದಕ್ಕೆ ಮುದ್ರಿಸಿ. ಅಕ್ಕಪಕ್ಕದ ಎರಡು ಕೀಗಳ ನಡುಬಿಂದುಗಳ ಅಂತರ ಸ್ಕೇಲಿನಲ್ಲಿ 19 ಮಿ.ಮೀ. ಬರಬೇಕು. ಗಿಡ್ಡ ಚಾಕ್ ಸ್ವಿಚ್‌ಗಳಿಗೆಂದೇ ಮಾಡಿದ ಕೆಲವದರಲ್ಲಿ ಅಡ್ಡಕ್ಕೆ 18, ಉದ್ದಕ್ಕೆ 17. ಹಾಗೆ ಬರದಿದ್ದರೆ ಪ್ರಿಂಟರ್ ಚಿತ್ರವನ್ನು ಹಿಗ್ಗಿಸಿದೆ ಅಥವಾ ಕುಗ್ಗಿಸಿದೆ. ಸರಿಬಂದ ಕಾಗದವನ್ನು ಮೇಜಿಗೆ ಅಂಟಿಸಿ ಬೆರಳಿಟ್ಟು, ಹೆಬ್ಬೆರಳು ಸಡಿಲವಾಗಿ ಬಿಟ್ಟಾಗ ಎಲ್ಲಿ ಬೀಳುತ್ತದೆ ನೋಡಿ. ಅಲ್ಲಿರುವ ಎರಡು ಕೀಗಳಷ್ಟೇ ನಿಮ್ಮವು. ಹೆಬ್ಬೆರಳಿಗೆ ಆರೆಂಟು ಕೀ ಕೊಟ್ಟ ಮಾದರಿಗಳ ಜಾಹೀರಾತಿಗೆ ಮರುಳಾಗಬೇಡಿ. ಹೆಬ್ಬೆರಳನ್ನು ಅಂಗೈಯ ಕೆಳಕ್ಕೆ ಮಡಚಿಯೋ ದೂರ ಚಾಚಿಯೋ ದಿನಕ್ಕೆ ಸಾವಿರ ಸಲ ಒತ್ತಿದರೆ ಕಿರುಬೆರಳ ನೋವು ಹೋಗಿ ಹೆಬ್ಬೆರಳ ಬುಡದ ನೋವು ಬಂದೀತು. ಸ್ಪ್ಲಿಟ್ ಬಳಸುವವರಲ್ಲಿ ಕೇಳಿಬರುವ ಹೊಸ ದೂರು ಇದು.

ಇನ್ನು ನಿಮ್ಮ ಇನ್‌ಸ್ಕ್ರಿಪ್ಟ್. ಕೀಬೋರ್ಡ್ ಕಳಿಸುವುದು ಯಾವ ಕೀ ಒತ್ತಿದೆ ಅನ್ನುವ ಸಂಖ್ಯೆಯನ್ನಷ್ಟೇ. ಅದು ಕನ್ನಡವೋ ಇಂಗ್ಲಿಷೋ ಅನ್ನುವುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಹಾಗಾಗಿ ಯಾವ ಸ್ಪ್ಲಿಟ್‌ನಲ್ಲೂ ಕನ್ನಡ ಬಂದೇ ಬರುತ್ತದೆ. ತೊಡಕು ಇರುವುದು ಕೀಗಳ ಕೊರತೆಯಲ್ಲಿ. ಇನ್‌ಸ್ಕ್ರಿಪ್ಟ್‌ನಲ್ಲಿ ಡ ಇರುವುದು ಪಿ ಪಕ್ಕದ ಚೌಕ ಆವರಣದ ಕೀಯಲ್ಲಿ, ೃ ಇರುವುದು ಅಂಕಿಸಾಲಿನ ಕೊನೆಯ ಸಮಚಿಹ್ನೆಯ ಕೀಯಲ್ಲಿ. 42 ಕೀಯ ಕಾರ್ನ್‌ನಲ್ಲಿ ಅಂಕಿಸಾಲೇ ಇಲ್ಲ, ಪಿ ಪಕ್ಕದ ಜಾಗದಲ್ಲಿ ಬ್ಯಾಕ್‌ಸ್ಪೇಸ್ ಕೂತಿರುತ್ತದೆ. ಅಂದರೆ ‘ಕನ್ನಡ’ ಅನ್ನುವ ಪದಕ್ಕೇ ಹೆಬ್ಬೆರಳಿನಲ್ಲಿ ಲೇಯರ್ ಕೀ (ಹಿಡಿದಿರುವಷ್ಟು ಹೊತ್ತು ಉಳಿದ ಕೀಗಳಿಗೆ ಬೇರೆ ಕೆಲಸ ಕೊಡುವ ಕೀ) ಅದುಮಿ ಹಿಡಿದು ಡ ಒತ್ತಬೇಕು. ಮಾಡು, ನೋಡು, ಬೇಡ, ಕೊಡು ಎಲ್ಲಕ್ಕೂ ಇದೇ ಪಾಡು. ‘ಢ’ಗೆ ಲೇಯರ್ ಜೊತೆ ಶಿಫ್ಟೂ ಸೇರುತ್ತದೆ.

ಇದಕ್ಕೆ ಒಳ್ಳೆಯ ದಾರಿ ಬ್ಯಾಕ್‌ಸ್ಪೇಸನ್ನು ಎಡ ಅಥವಾ ಬಲ ಹೆಬ್ಬೆರಳಿಗೆ ಕೊಟ್ಟು, ತೆರವಾದ ಜಾಗದಲ್ಲಿ ಚೌಕ ಆವರಣದ ಕೀ ಕೂರಿಸುವುದು. ಆಗ ಡ ತನ್ನ ಮನೆಯಲ್ಲೇ ಉಳಿಯುತ್ತದೆ, ಕಿರುಬೆರಳಿಗೆ ಬ್ಯಾಕ್‌ಸ್ಪೇಸಿನ ಓಟವೂ ತಪ್ಪುತ್ತದೆ. ಲಿಲಿ58ರಲ್ಲಿ ಬಿ ಮತ್ತು ಎನ್ ಕೀಗಳ ಒಳಬದಿಗೆ ಒಂದೊಂದು ಹೆಚ್ಚುವರಿ ಕೀ ಇದೆ, ಸಮಚಿಹ್ನೆಯನ್ನು ಅಲ್ಲಿಗೆ ತರಬಹುದು. ಲೇಯರಿನಲ್ಲಿ ಚಿಹ್ನೆಗಳನ್ನಿಟ್ಟವರಿಗೆ ಇನ್ನೊಂದು ಮಾತು: ಅಲ್ಲಿ ನೀವು ಆಶ್ಚರ್ಯಸೂಚಕ ಅಂತ ಕೂರಿಸಿದ ಕೀ ನಿಜವಾಗಿ ಕಳಿಸುವುದು ಶಿಫ್ಟ್ ಮತ್ತು 1ರ ಜೋಡಿಯನ್ನು. ಕಂಪ್ಯೂಟರ್ ಕನ್ನಡದಲ್ಲಿದ್ದಾಗ ಇಂಥ ಚಿಹ್ನೆಗಳ ಬದಲು ಬೇರೇನೋ ಬರಬಹುದು. ಕೀಬೋರ್ಡ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ.

ಭಾಗ ಮಾಡಿದ ಮೇಲೆ ಮೊದಲ ದಿನವೇ ಎಡವುವುದು ಬಿ ಮತ್ತು ವೈ ಕೀಗಳಲ್ಲಿ. ಬಿ ಎಡಭಾಗಕ್ಕೆ ಸೇರುತ್ತದೆ, ವೈ ಬಲಕ್ಕೆ. ಬಿ ಕೀಯನ್ನು ಬಲ ತೋರುಬೆರಳಿನಲ್ಲಿ ಒತ್ತುವ ಅಭ್ಯಾಸ ಬಹಳ ಮಂದಿಗೆ ಇದೆ, ತಮಗೇ ಗೊತ್ತಿರುವುದಿಲ್ಲ. ಇನ್‌ಸ್ಕ್ರಿಪ್ಟ್‌ನಲ್ಲಿ ಅದು ವ. ಈಗಲೇ ‘ಅವರವರ’ ಅಂತ ಟೈಪ್ ಮಾಡಿ ಯಾವ ಕೈ ಓಡುತ್ತದೆ ನೋಡಿಕೊಳ್ಳಿ. ಬಲಗೈ ಓಡಿದರೆ, ಲಿಲಿ58ರಂಥದರಲ್ಲಿ ಬಲಭಾಗದ ಒಳಕೀಗೂ ಬಿಯನ್ನೇ ಕೊಟ್ಟುಬಿಡಿ. ಒಂದೇ ಅಕ್ಷರ ಎರಡು ಕಡೆ ಇದ್ದರೆ ಯಾರ ಗಂಟೂ ಹೋಗುವುದಿಲ್ಲ.

ಸ್ವಿಚ್ ಬಗ್ಗೆ ಲೋಕದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಚರ್ಚೆ ಇದೆ. ಚೆರ್ರಿ ಎಂಎಕ್ಸ್ ರೆಡ್ 45 ಗ್ರಾಂ ಒತ್ತಡದ್ದು, 4 ಮಿ.ಮೀ. ಇಳಿಯುತ್ತದೆ, 2 ಮಿ.ಮೀ.ಗೆ ಅಕ್ಷರ ಮೂಡುತ್ತದೆ. ಚಾಕ್ ಸ್ವಿಚ್‌ಗಳು 3 ಮಿ.ಮೀ. ಇಳಿಯುವಂಥವು. 45ರ ಆಸುಪಾಸಿನಿಂದ ಶುರುಮಾಡಿ. 20 ಗ್ರಾಮಿನ ಹಗುರ ಸ್ವಿಚ್‌ಗಳಲ್ಲಿ ಬೆರಳು ಸುಮ್ಮನೆ ಇಟ್ಟರೂ ಅಕ್ಷರ ಬೀಳುತ್ತದೆ, ಅದನ್ನು ತಪ್ಪಿಸಲು ಬೆರಳನ್ನು ಗಾಳಿಯಲ್ಲಿ ತೂಗುಹಾಕಿ ಮುಂಗೈ ದಣಿಸಿಕೊಳ್ಳುತ್ತೀರಿ. ಸ್ವಿಚ್‌ಗಿಂತ ಮುಖ್ಯವಾದದ್ದು ಕೀಬೋರ್ಡಿನ ದಪ್ಪ. ದಪ್ಪ ಹೆಚ್ಚಿದಷ್ಟೂ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಚಾಕ್ ಸ್ವಿಚ್ಚಿನ ನಿಜವಾದ ಲಾಭ ಇಲ್ಲಿದೆ.

ಟೆಂಟಿಂಗ್ ಮಾಡುವಾಗ ಎಲ್ಲರೂ ಮರೆಯುವ ಲೆಕ್ಕ ಒಂದಿದೆ. ಒಂದು ಭಾಗದ ಅಗಲ 15 ಸೆಂ.ಮೀ. ಅಂತಿಟ್ಟುಕೊಳ್ಳಿ. 10 ಡಿಗ್ರಿ ಎತ್ತಿದರೆ ಒಳಅಂಚು ಸುಮಾರು 26 ಮಿ.ಮೀ. ಮೇಲೇಳುತ್ತದೆ, 15 ಡಿಗ್ರಿಗೆ 39, 30 ಡಿಗ್ರಿಗೆ 75. ಕೈಯೂ ಸರಾಸರಿ ಅದರ ಅರ್ಧದಷ್ಟು ಮೇಲೇಳುತ್ತದೆ. ಮೇಜು ಇಳಿಸಲಿಲ್ಲ, ಕುರ್ಚಿ ಏರಿಸಲಿಲ್ಲ ಅಂದರೆ ಭುಜ ಎತ್ತಿಕೊಂಡು ಟೈಪ್ ಮಾಡುವ ಹಾಗಾಗುತ್ತದೆ. ‘ಟೆಂಟಿಂಗ್ ಮಾಡಿದ ಮೇಲೆ ಕುತ್ತಿಗೆ ನೋವು’ ಅನ್ನುವವರ ಕಥೆ ಬಹುಪಾಲು ಇದೇ. ಕುರ್ಚಿ ಏರಿಸಿ ಪಾದ ನೆಲಕ್ಕೆ ಎಟುಕದಿದ್ದರೆ ಕಾಲಡಿಗೆ ಮಣೆ ಇಡಿ.

ಜೋಡಿಸುವಾಗ ಹೀಗೆ ಮಾಡಿ. ಕೀಬೋರ್ಡ್ ಮುಟ್ಟದೆ ಕುರ್ಚಿಯಲ್ಲಿ ಕೂತು ತೋಳು ಇಳಿಬಿಡಿ. ಭುಜ ಅಲ್ಲಾಡಿಸದೆ ಮೊಣಕೈ ಮಾತ್ರ ಮಡಚಿ, ಕೈಗಳನ್ನು ಮೇಜಿನ ಮೇಲೆ ಬಿದ್ದಲ್ಲಿ ಬಿಡಿ. ಆ ಕೈಗಳ ಕೆಳಗೆ ಎರಡೂ ಭಾಗಗಳನ್ನು ತಂದಿಡಿ. ಕೈಯನ್ನು ಕೀಬೋರ್ಡಿಗೆ ಒಯ್ಯಬೇಡಿ. ನಡುಬೆರಳ ಕಂಬಸಾಲು ಮುಂಗೈಯ ಗೆರೆಗೆ ನೇರ ಬರಲಿ. ಮೊಣಕೈ 90 ಡಿಗ್ರಿಗಿಂತ ತುಸು ಹೆಚ್ಚು ತೆರೆದಿರಲಿ. ಜಾಗ ಸರಿಬಂದ ಮೇಲೆ ಅಂಚುಗಳ ಗುಂಟ ಮೇಜಿನ ಮೇಲೆ ಟೇಪಿನ ಗುರುತು ಹಾಕಿ, ಏಕೆಂದರೆ ಭಾಗಗಳು ದಿನವಿಡೀ ಕೂದಲೆಳೆಯಷ್ಟು ದಿಕ್ಕು ತಪ್ಪುತ್ತಲೇ ಇರುತ್ತವೆ, ಬೆಳಗಿನ ಸರಿ ಸಂಜೆಗೆ ತಪ್ಪಾಗಿರುತ್ತದೆ. ಹಗುರ ಕೀಬೋರ್ಡ್‌ಗಳಿಗೆ ಅಡಿಯಲ್ಲಿ ರಬ್ಬರ್ ಹಾಳೆ ಹಾಸಿ. ಟೆಂಟಿಂಗ್ ಮೊದಲ ವಾರ ಬೇಡ; ಆಮೇಲೆ 5 ಡಿಗ್ರಿ, ವಾರ ಬಿಟ್ಟು 10, ಬೇಕೆನಿಸಿದರೆ 15. ಮೂರೂ ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದು ಹಿತ ಕೊಟ್ಟಿತು, ಯಾವುದು ಕಾಟ ಕೊಟ್ಟಿತು ತಿಳಿಯುವುದಿಲ್ಲ. ಅಂಗೈಯ ಮೆತ್ತೆ ಒತ್ತುಗಳ ನಡುವೆ ವಿಶ್ರಾಂತಿಗೆ. ಟೈಪ್ ಮಾಡುವಾಗ ಮಣಿಕಟ್ಟನ್ನು ಅದಕ್ಕೆ ಅದುಮಿದರೆ ಸುರಂಗದ ಮೇಲೇ ಭಾರ ಬೀಳುತ್ತದೆ. ಮೌಸ್ ಬಲಭಾಗದ ಆಚೆ ದೂರ ಹೋಗುತ್ತದೆ, ಆದ್ದರಿಂದ ಅದನ್ನು ಎರಡು ಭಾಗಗಳ ನಡುವೆ ತನ್ನಿ. ಟ್ರ್ಯಾಕ್‌ಬಾಲ್ ಇದ್ದರೆ ಇನ್ನೂ ಸಲೀಸು.

ವೇಗದ ವಿಷಯ. ಎರಡನೆಯ ಬಗೆಯಲ್ಲಿ ಮೂರ್ನಾಲ್ಕು ದಿನದಲ್ಲಿ ಬಹುಪಾಲು ಮರಳುತ್ತದೆ. ಕಂಬಸಾಲಿನಲ್ಲಿ ಮೊದಲ ವಾರ ಹಳೆಯ ವೇಗದ ಅರ್ಧವೂ ಇರುವುದಿಲ್ಲ, ಮೂರರಿಂದ ಆರು ವಾರದಲ್ಲಿ ಸರಿಹೋಗುತ್ತದೆ. ಅಕ್ಷರ ಬೇಗ ಬರುತ್ತದೆ. ಕೊನೆವರೆಗೆ ಸತಾಯಿಸುವುದು ಕೆಳಸಾಲು ಮತ್ತು ಚಿಹ್ನೆಗಳು. ಸಿ ಕೀಯನ್ನು ನೀವು ಈವರೆಗೆ ತೋರುಬೆರಳಿನಲ್ಲಿ ಒತ್ತುತ್ತಿದ್ದಿರಬಹುದು, ಕಂಬಸಾಲಿನಲ್ಲಿ ಅದು ನಡುಬೆರಳಿನದು. ಹಾಗಾಗಿ ‘ಸಮ’ ಅಂತ ಹೊಡೆದರೆ ‘ಸನ’ ಅಂತ ಬೀಳುತ್ತಿರುತ್ತದೆ, ಮ ಪಕ್ಕದಲ್ಲೇ ನ ಇದೆಯಲ್ಲ. ದಿನಕ್ಕೆ 20 ನಿಮಿಷದಂತೆ ಎರಡು ಸಲ, ನಿಧಾನವಾಗಿ, ತಪ್ಪಿಲ್ಲದೆ ಅಭ್ಯಾಸ ಮಾಡಿ, ತುರ್ತು ಕೆಲಸಕ್ಕೆ ಹಳೆಯದನ್ನೇ ಬಳಸಿ. ಪಾಸ್‌ವರ್ಡ್‌ಗಳನ್ನು ಮೊದಲ ದಿನ ಕಾಣುವ ಹಾಗೆ ಟೈಪ್ ಮಾಡಿ ನೋಡಿಕೊಳ್ಳಿ; ಮೂರು ಸಲ ತಪ್ಪಿ ಖಾತೆ ಬಂದ್ ಆಗುವುದು ಅಪರೂಪವಲ್ಲ. ಹಳೆಯ ಕೀಬೋರ್ಡ್ ಮರೆತುಹೋಗುತ್ತದೆ ಅನ್ನುವ ಭಯ ಬೇಡ. ಆಗಾಗ ಮುಟ್ಟುತ್ತಿದ್ದರೆ ಎರಡೂ ಉಳಿಯುತ್ತವೆ.

ಸ್ಪ್ಲಿಟ್ ಮಂದಿ ನಿಮಗೆ ಬಹುಶಃ ಹೋಮ್ ರೋ ಮಾಡ್ಸ್ ಬಗ್ಗೆ ಹೇಳಿಯೇ ಹೇಳುತ್ತಾರೆ: ನಡುಸಾಲಿನ ಕೀಗಳನ್ನು ತಟ್ಟಿದರೆ ಅಕ್ಷರ, ಒತ್ತಿ ಹಿಡಿದರೆ ಕಂಟ್ರೋಲ್, ಶಿಫ್ಟ್, ಆಲ್ಟ್. ತಟ್ಟುವುದಕ್ಕೂ ಹಿಡಿಯುವುದಕ್ಕೂ ನಡುವಿನ ಗಡಿ ಕ್ಯುಎಂಕೆ ಫರ್ಮ್‌ವೇರಿನಲ್ಲಿ (ಕೀಬೋರ್ಡಿನೊಳಗೇ ಓಡುವ ತಂತ್ರಾಂಶ) ಮೂಲತಃ 200 ಮಿಲಿಸೆಕೆಂಡ್. ಇಂಗ್ಲಿಷಿಗೆ ಒಗ್ಗಿಸಿಕೊಂಡವರಿದ್ದಾರೆ. ಇನ್‌ಸ್ಕ್ರಿಪ್ಟ್‌ನಲ್ಲಿ ಡಿ ಕೀ ಅಂದರೆ ಅರ್ಧಾಕ್ಷರದ ಚಿಹ್ನೆ, ಪ್ರತಿ ಒತ್ತಕ್ಷರಕ್ಕೂ ಬೇಕು. ಬಹಳ ನಕ್ಷೆಗಳಲ್ಲಿ ಕಂಟ್ರೋಲ್ ಕೂರುವುದು ಅದೇ ಡಿ ಮೇಲೆ. ‘ಅಕ್ಕ’ ಬರೆಯಲು ಕೆ, ಡಿ, ಕೆ ಅಂತ ಉರುಳಿಸಿದಾಗ ಡಿ ಮೇಲಿನ ಬೆರಳು ಒಂದಿಷ್ಟು ತಡವಾಗಿ ಎದ್ದರೆ ಕಂಪ್ಯೂಟರಿಗೆ ತಲುಪುವುದು ಕಂಟ್ರೋಲ್-ಕೆ. ‘ಅಮ್ಮ’ ಬರೆದರೆ ಕಂಟ್ರೋಲ್-ಸಿ. ಅಕ್ಕನ ಬದಲು ಲಿಂಕಿನ ಕಿಟಕಿ ತೆರೆದುಕೊಂಡಾಗ ನಗು ಬರುತ್ತದೆ, ಹತ್ತನೇ ಸಲ ಬರುವುದಿಲ್ಲ. ಕನ್ನಡ ಹೆಚ್ಚು ಬರೆಯುವವರು ಇದಕ್ಕೆ ಹೋಗದಿರುವುದೇ ಲೇಸು. ಕಂಟ್ರೋಲ್ ಒಂದು ಹೆಬ್ಬೆರಳಿಗೆ ಬರಲಿ, ಶಿಫ್ಟ್ ಎರಡೂ ಕಡೆ ಹಳೆಯ ಜಾಗದಲ್ಲೇ ಇರಲಿ.

ಕೆಡುವುದು ಎಲ್ಲಿ ಅನ್ನುವುದಕ್ಕೆ ಬರೋಣ. ಎರಡು ಭಾಗಗಳನ್ನು ಜೋಡಿಸುವ ಕೇಬಲ್ ಅನೇಕ ಮಾದರಿಗಳಲ್ಲಿ ಹೆಡ್‌ಫೋನ್ ಪಿನ್ನಿನಂತಿರುವ, ನಾಲ್ಕು ಲೋಹದ ತುಂಡುಗಳುಳ್ಳ ಟಿಆರ್‌ಆರ್‌ಎಸ್. ವಿದ್ಯುತ್ ಹರಿಯುವಾಗ ಇದನ್ನು ಎಳೆಯಲೂಬಾರದು, ಚುಚ್ಚಲೂಬಾರದು. ಪಿನ್ ಜಾರುವಾಗ ಒಂದು ಕ್ಷಣ 5 ವೋಲ್ಟಿನ ತುಂಡು ದತ್ತಾಂಶದ ತಂತಿಗೋ ಗ್ರೌಂಡಿಗೋ ತಾಗುತ್ತದೆ, ಕಂಟ್ರೋಲರ್ (ಕೀಬೋರ್ಡಿನ ಮಿದುಳಾದ ಚಿಪ್) ಸುಡಬಹುದು. ಮೊದಲು ಎರಡು ಭಾಗ ಜೋಡಿಸಿ, ಆಮೇಲೆ ಯುಎಸ್‌ಬಿ; ತೆಗೆಯುವಾಗ ಮೊದಲು ಯುಎಸ್‌ಬಿ. ಮೂರೇ ಲೋಹದ ತುಂಡುಗಳಿರುವ, ಹಾಡು ಕೇಳುವ ಕೇಬಲ್ ಹಾಕಬೇಡಿ.

ಒಂದು ಭಾಗ ಸತ್ತಂತಿದ್ದರೆ ಯುಎಸ್‌ಬಿ ತೆಗೆದು ಆ ಪಿನ್ ಟಕ್ ಅನ್ನುವವರೆಗೆ ಕೂತಿದೆಯೇ ನೋಡಿ. ಆಮೇಲೆ ಯುಎಸ್‌ಬಿಯನ್ನು ನೇರವಾಗಿ ಆ ಭಾಗಕ್ಕೇ ಕೊಟ್ಟು ಪರೀಕ್ಷಿಸಿ. ಆಗ ಕೆಲಸ ಮಾಡಿದರೆ ತಪ್ಪು ಕೇಬಲ್ಲಿನದು, ಇಲ್ಲವೇ ಒಂದು ಭಾಗಕ್ಕೆ ಮಾತ್ರ ಹೊಸ ಫರ್ಮ್‌ವೇರ್ ಹಾಕಿದ್ದೀರಿ. ಕೈಯಾರೆ ಜೋಡಿಸುವ ಕಿಟ್‌ಗಳು ಕೆಲವೊಮ್ಮೆ ಎರಡೂ ತುದಿ ಯುಎಸ್‌ಬಿ-ಸಿ ಇರುವ ಕೇಬಲ್ಲಿಗೆ ಏಳುವುದೇ ಇಲ್ಲ. ಕಂಟ್ರೋಲರಿನಲ್ಲಿ ಇರಬೇಕಾದ 5.1 ಕಿಲೋಓಮ್‌ನ ರೆಸಿಸ್ಟರ್‌ಗಳನ್ನು ಬಿಟ್ಟಿರುತ್ತಾರೆ. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಹಾಕಿದರೆ ಸರಿ.

ಒಂದೇ ಕೀ ಬರುತ್ತಿಲ್ಲವೆಂದರೆ ಸ್ವಿಚ್ಚನ್ನು ಎಳೆದು ತಿರುಗಿಸಿ ನೋಡಿ. ಅಡಿಯ ಎರಡು ತಾಮ್ರಬಣ್ಣದ ಕಾಲುಗಳಲ್ಲಿ ಒಂದು ಮಡಚಿ ಹೊಟ್ಟೆಗೆ ಅಂಟಿಕೊಂಡಿರುತ್ತದೆ, ಸ್ವಿಚ್ ಓರೆಯಾಗಿ ಒತ್ತಿದಾಗ ಆಗುವುದು. ಚಿಮಟದಲ್ಲಿ ಮೆಲ್ಲಗೆ ನೇರಮಾಡಿ, ಸಾಕೆಟ್ಟಿಗೆ ಹಿಂಬದಿಯಿಂದ ಬೆರಳಿನ ಆಸರೆ ಕೊಟ್ಟು, ಲಂಬವಾಗಿ ಒತ್ತಿ. ಆಸರೆ ಕೊಡದಿದ್ದರೆ ಸಾಕೆಟ್ಟೇ ಬೋರ್ಡಿನಿಂದ ಕಿತ್ತು ಬರಬಹುದು. ಇಡೀ ಸಾಲು ಅಥವಾ ಇಡೀ ಕಂಬ ಸತ್ತಿದ್ದರೆ ಕಂಟ್ರೋಲರಿನ ಒಂದು ಕಾಲಿನ ಬೆಸುಗೆ ಬಿಟ್ಟಿದೆ. ನೀವೇ ಜೋಡಿಸಿದ್ದರಲ್ಲಿ ಚದುರಿದಂತೆ ಒಂದೊಂದು ಕೀ ಸತ್ತಿದ್ದರೆ 1ಎನ್4148 ಡಯೋಡಿನ ಕಪ್ಪು ಪಟ್ಟಿ ಬೋರ್ಡಿನ ಗುರುತಿಗೆ ತಿರುವುಮುರುವಾಗಿದೆಯೇ ನೋಡಿ. ಒಂದೊತ್ತಿಗೆ ಎರಡಕ್ಷರ ಬಿದ್ದರೆ ಸ್ವಿಚ್ ಬದಲಿಸಿ. ತಾತ್ಕಾಲಿಕವಾಗಿ ಫರ್ಮ್‌ವೇರಿನ ಡಿಬೌನ್ಸ್ ಮೌಲ್ಯವನ್ನು (ಸ್ವಿಚ್ಚಿನ ಕಂಪನವನ್ನು ಕಡೆಗಣಿಸುವ ಹೊತ್ತು) 5 ಮಿಲಿಸೆಕೆಂಡಿನಿಂದ 10ಕ್ಕೆ ಏರಿಸಬಹುದು.

ವೈರ್ ಇಲ್ಲದ್ದು ಬೇಡವೆಂದದ್ದಕ್ಕೆ ಕಾರಣ ಇದೆ. ಝಡ್‌ಎಂಕೆ ಎಂಬ ಫರ್ಮ್‌ವೇರ್ ಬಳಸುವ ಬ್ಲೂಟೂತ್ ಸ್ಪ್ಲಿಟ್‌ಗಳಲ್ಲಿ ಒಂದು ಭಾಗ ಯಜಮಾನ: ಅದು ಇನ್ನೊಂದು ಭಾಗದೊಡನೆಯೂ ಕಂಪ್ಯೂಟರಿನೊಡನೆಯೂ ಮಾತಾಡಬೇಕು. ಹಾಗಾಗಿ ಅದರ ಬ್ಯಾಟರಿ ಬಲು ಬೇಗ ಇಳಿಯುತ್ತದೆ. ಎರಡನ್ನೂ ಒಂದೇ ದಿನ ಚಾರ್ಜಿಗೆ ಹಾಕುವ ರೂಢಿ ಇಟ್ಟುಕೊಳ್ಳದಿದ್ದರೆ ಕೆಲಸದ ನಡುವೆ ಅರ್ಧ ಅಕ್ಷರಮಾಲೆ ಮಾಯವಾಗುತ್ತದೆ. ಕಂಪ್ಯೂಟರ್ ಶುರುವಾಗುವ ಮೊದಲ ಪರದೆಯಲ್ಲಿ, ಡಿಸ್ಕಿನ ಪಾಸ್‌ವರ್ಡ್ ಕೇಳುವಲ್ಲಿ ಬ್ಲೂಟೂತ್ ಸಾಮಾನ್ಯವಾಗಿ ಇನ್ನೂ ಎಚ್ಚರವಾಗಿರುವುದಿಲ್ಲ. ಆಗ ಯಜಮಾನ ಭಾಗಕ್ಕೆ ಯುಎಸ್‌ಬಿ ಕೇಬಲ್ ಚುಚ್ಚಿದರೆ ಟೈಪಾಗುತ್ತದೆ. ಒಂದು ಕೇಬಲ್ ಬ್ಯಾಗಿನಲ್ಲೇ ಇರಲಿ, ನಿಮ್ಮ ಕೀನಕ್ಷೆಯ ಕಡತದ ಒಂದು ಪ್ರತಿಯೂ ಕಂಪ್ಯೂಟರಿನಾಚೆ ಎಲ್ಲಾದರೂ ಇರಲಿ. ಫರ್ಮ್‌ವೇರ್ ಹೊಸದು ಹಾಕಿದಾಗ ನೀವು ಕೂರಿಸಿದ್ದ ಕೀಗಳೆಲ್ಲ ಕಾರ್ಖಾನೆಯ ಜಾಗಕ್ಕೆ ಹೋಗಿಬಿಡುವುದುಂಟು.